ಹಳ್ಳಿಯ ಮಕ್ಕಳು ಹಳ್ಳಿಗೆ ಹೋಗುವ ಏಳು ದಿನ

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಸ್ ನಿಲ್ದಾಣಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತರೆ, ಕಾಲೇಜಿನ ಹುಡುಗ ಹುಡುಗಿಯರು ಸುತ್ತಲ ಹಳ್ಳಿಗಳಿಂದ ಬಂದು ಇಳಿಯುವುದು ಕಾಣುತ್ತದೆ. ರಾಗಿ ಹೊಲ, ತೆಂಗಿನ ತೋಟ, ಆಲೂಗೆಡ್ಡೆ, ಹೊಗೆಸೊಪ್ಪುಗಳ ಲಾಭ ನಷ್ಟವನ್ನು ಮನೆಯಲ್ಲೇ ಕಂಡವರು. ಕೊಟ್ಟಿಗೆಯ ಸೆಗಣಿ ಬಾಚಿ, ಡೇರಿಗೆ ಹಾಲು ಹಾಕಿ ಬಸ್ಸು ಹಿಡಿದವರೂ ಇವರಲ್ಲಿದ್ದಾರೆ. ಇಂಥವರನ್ನು ವರ್ಷಕ್ಕೊಮ್ಮೆ ಏಳು ದಿನ ಇನ್ನೊಂದು ಹಳ್ಳಿಗೆ ಕರೆದೊಯ್ದು ಗ್ರಾಮೀಣ ಬದುಕನ್ನು ಪರಿಚಯಿಸುವುದೆಂದರೆ ಏನರ್ಥ? ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್.ಎಸ್.ಎಸ್., ಹಾಸನ ಜಿಲ್ಲೆಯಂಥ ಕಡೆ ಎದುರಿಸಬೇಕಾದ ಮೊದಲ ಪ್ರಶ್ನೆಯೇ ಇದು.

ಯೋಜನೆಯನ್ನು ಕಲ್ಪಿಸಿದವರ ಕಣ್ಣ ಮುಂದೆ ಇದ್ದ ವಿದ್ಯಾರ್ಥಿ ಬೇರೆ. ಓದು ಬಲ್ಲ, ಆದರೆ ಗುದ್ದಲಿ ಹಿಡಿದರಿಯದ ಪಟ್ಟಣದ ತರುಣ ಅವನು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ರಾಧಾಕೃಷ್ಣನ್ ಆಯೋಗ ವಿದ್ಯಾರ್ಥಿಗಳ ಸಮಾಜಸೇವೆಯ ಮಾತೆತ್ತಿತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಸೇವೆ ಕಡ್ಡಾಯವಾಗಲಿ ಎಂದಿತು. ಹೊರದೇಶಗಳ ಪದ್ಧತಿಗಳನ್ನು ಪರಿಶೀಲಿಸಿದ ಕೆ.ಜಿ. ಸೈಯದೈನ್ ಅವರಿಗೆ ಅದು ಸರಿಕಾಣಲಿಲ್ಲ. ಸೇವೆ ಇಷ್ಟಪಟ್ಟು ಮಾಡುವಂಥದು, ಬಲವಂತದಿಂದ ಅದು ಬಾರದು ಎಂಬ ಅವರ ಪಕ್ಷವೇ ಕೊನೆಗೆ ಗೆದ್ದಿತು. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಯೋಜನೆಗೆ ಚಾಲನೆ ನೀಡಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ಅವರು.

ಹಾಸನದ ನೆಲಕ್ಕೆ ಈ ವಿಚಾರ ಹೊಸದೇನೂ ಅಲ್ಲ. ಹೇಮಾವತಿಯ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಶಾಲೆಯನ್ನೇ ಬಿಟ್ಟರು. ಆ ಪೀಳಿಗೆಗೆ ಸೇವೆಯೆಂದರೆ ತರಗತಿಯಿಂದ ಹೊರನಡೆಯುವುದಾಗಿತ್ತು. ಎನ್.ಎಸ್.ಎಸ್. ಅದೇ ಸೇವೆಯನ್ನು ಕಾಲೇಜಿನ ವೇಳಾಪಟ್ಟಿಯೊಳಕ್ಕೆ ತಂದಿತು. ಇದರಿಂದ ಗಳಿಸಿದ್ದೂ ಉಂಟು, ಕಳೆದುಕೊಂಡದ್ದೂ ಉಂಟು.

ವೇಳಾಪಟ್ಟಿಯ ಲೆಕ್ಕ ಹೀಗಿದೆ: ಎರಡು ವರ್ಷಕ್ಕೆ 240 ಗಂಟೆ. ವರ್ಷದ 120 ಗಂಟೆಗಳಲ್ಲಿ ತರಬೇತಿಗೆ 20, ಕಾಲೇಜಿನ ಆವರಣದ ಕೆಲಸಕ್ಕೆ 30, ಹೊರಗಿನ ಸಮಾಜಕ್ಕೆ 70. ಆವರಣದ ಕೆಲಸ ಹೆಚ್ಚಾಗಿ ಗಿಡ ನೆಡುವುದು, ಗುಡಿಸುವುದು, ರಕ್ತದಾನ ಶಿಬಿರಕ್ಕೆ ಓಡಾಡುವುದು. ಅಧ್ಯಾಪಕರೊಬ್ಬರು ಪಾಠದ ಜೊತೆಗೆ ಕಾರ್ಯಕ್ರಮಾಧಿಕಾರಿಯ ಹೊರೆಯನ್ನೂ ಹೊರುತ್ತಾರೆ. ಅಮೆರಿಕದಲ್ಲಿ 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪದಂಥ ಕಾಲೇಜು ಸಂಘಗಳು ಓದಿನಲ್ಲಿ ಮುಂದಿರುವವರನ್ನು ಆರಿಸಿಕೊಳ್ಳುತ್ತವೆ. ಅಂಥ ಗೌರವ ಸಂಘಗಳಲ್ಲಿ ಹಲವು, ಸದಸ್ಯರಿಂದ ಸೇವೆಯನ್ನೂ ನಿರೀಕ್ಷಿಸುತ್ತವೆ. ಇಲ್ಲಿ ಅಂಕಪಟ್ಟಿ ಕೇಳುವವರಿಲ್ಲ. ನಪಾಸಾದವನೂ ಗುದ್ದಲಿ ಹಿಡಿಯಬಹುದು, ಮತ್ತು ಸಾಮಾನ್ಯವಾಗಿ ಚೆನ್ನಾಗಿಯೇ ಹಿಡಿಯುತ್ತಾನೆ.

ಯೋಜನೆಯ ಜೀವ ಇರುವುದು ವಿಶೇಷ ಶಿಬಿರದಲ್ಲಿ. ಮೊದಲು ಹತ್ತು ದಿನವಿದ್ದದ್ದು ಈಗ ಏಳಕ್ಕೆ ಇಳಿದಿದೆ. ನೂರು ಮಂದಿಯ ಒಂದು ಘಟಕದಿಂದ ಅರ್ಧದಷ್ಟು ಜನ ಹೊರಡುತ್ತಾರೆ. ಊರ ಶಾಲೆಯೋ ಸಮುದಾಯ ಭವನವೋ ವಾಸಕ್ಕೆ. ಬೆಳಿಗ್ಗೆ ಧ್ವಜವಂದನೆ, ಬಿಸಿಲೇರುವ ಮುನ್ನ ಶ್ರಮದಾನ, ಮಧ್ಯಾಹ್ನ ಉಪನ್ಯಾಸ ಇಲ್ಲವೆ ಮನೆಮನೆಯ ಸಮೀಕ್ಷೆ, ಸಂಜೆ ಕೋಲಾಟ, ನಾಟಕ. ನಡುವೆ ಒಂದು ದಿನ ಜಾನುವಾರು ತಪಾಸಣೆ, ಒಂದು ದಿನ ಕಣ್ಣಿನ ಪರೀಕ್ಷೆ. ಸರ್ಕಾರದ ಹಣ ಸಾಲದೆಂಬುದು ಊರಿನವರಿಗೂ ಗೊತ್ತು. ಅಕ್ಕಿ, ತೆಂಗಿನಕಾಯಿ, ಸೌದೆ ಅವರಿಂದಲೇ ಬರುತ್ತವೆ.

ಶಿಬಿರಗಳ ಧ್ಯೇಯ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1973ರಲ್ಲಿ ಕ್ಷಾಮದ ವಿರುದ್ಧ, ಮರುವರ್ಷ ಕೊಳಕು ಮತ್ತು ರೋಗದ ವಿರುದ್ಧ. 1986ರಿಂದ ಅಕ್ಷರ, 1991ರಿಂದ ಏಡ್ಸ್ ತಿಳಿವಳಿಕೆ. ಹಾಸನದ ಬಯಲು ತಾಲ್ಲೂಕುಗಳಲ್ಲಿ ಮಾತ್ರ ಮಾತು ಯಾವಾಗಲೂ ನೀರಿಗೇ ಬಂದು ನಿಲ್ಲುತ್ತದೆ. ಚನ್ನರಾಯಪಟ್ಟಣದ ಕಡೆ ಕೆರೆ ಬತ್ತಿದರೆ ತೆಂಗು ಒಣಗುತ್ತದೆ. 2017ರ ಸುಮಾರಿಗೆ, ಬರದ ಬೇಗೆಯಲ್ಲಿ, ಜಿಲ್ಲೆಯ ಹಳ್ಳಿಗಳ ಹಳೆಯ ಕಲ್ಯಾಣಿಗಳ ಹೂಳೆತ್ತಲು ಊರವರು, ಪರಿಸರಾಸಕ್ತರು, ವಿದ್ಯಾರ್ಥಿಗಳು ಒಟ್ಟಾಗಿ ಇಳಿದರು. ಮೆಟ್ಟಿಲುಗಳ ಕಲ್ಲು ಮತ್ತೆ ಕಣ್ಣಿಗೆ ಬಿತ್ತು. ಚರಂಡಿ ತೋಡುವ ಕೆಲಸಕ್ಕೆ ಈ ಭಾಗ್ಯವಿಲ್ಲ. ಒಂದು ಮಳೆಗೆ ಅದು ಮತ್ತೆ ಮುಚ್ಚಿಹೋಗುತ್ತದೆ. ಏಳು ದಿನದಲ್ಲಿ ಆಗಬಹುದಾದ ಕೆಲಸ ಯಾವುದೆಂದು ಊರನ್ನು ಕೇಳಿ ಆರಿಸಿದರೆ ಉಳಿಯುತ್ತದೆ, ಕಾಲೇಜಿನಲ್ಲೇ ಕುಳಿತು ನಿಶ್ಚಯಿಸಿದರೆ ವರದಿಯಲ್ಲಿ ಮಾತ್ರ ಉಳಿಯುತ್ತದೆ.

ಹಾಗಾದರೆ ಹಳ್ಳಿಯ ಹುಡುಗನಿಗೆ ಇದರಿಂದ ಸಿಗುವುದೇನು? ತನ್ನ ಊರಿನಲ್ಲಿ ಅವನು ಒಂದು ಮನೆಯ ಮಗ, ಒಂದು ಕೇರಿಯವನು. ಯಾರ ಹಜಾರದಲ್ಲಿ ಕೂರಬಹುದು, ಯಾವ ಬಾಗಿಲಲ್ಲಿ ನಿಲ್ಲಬೇಕು ಎಂಬುದು ಹುಟ್ಟಿನಿಂದ ತಿಳಿದದ್ದು. ಪರ ಊರಿನಲ್ಲಿ, ಕೈಯಲ್ಲಿ ಸಮೀಕ್ಷೆಯ ಪುಸ್ತಕ ಹಿಡಿದಾಗ, ಎಲ್ಲ ಕೇರಿಗಳಿಗೂ ಹೋಗಲೇಬೇಕಾಗುತ್ತದೆ. ತನ್ನ ಊರಿನಲ್ಲಿ ಎಂದೂ ಕಾಲಿಡದ ಕೇರಿಯಂಥದೇ ಕೇರಿಯಲ್ಲಿ ಕುಳಿತು, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಬೇಕಾಗುತ್ತದೆ. ಶಿಬಿರದ ಅಡಿಗೆ ಸರದಿಯ ಮೇಲೆ ನಡೆಯುತ್ತದೆ. ಇಂದು ಸಾರು ಕುದಿಸಿದವರು ಯಾರೆಂದು ವಿಚಾರಿಸಿ ತಟ್ಟೆ ಒಡ್ಡುವಂತಿಲ್ಲ.

ಇದು ಸಣ್ಣ ಸಂಗತಿಯಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ದೇವಾಲಯ ಪ್ರವೇಶಿಸಿದ್ದಕ್ಕೆ ದಂಡ ಹಾಕಲಾಯಿತೆಂಬ ವಿವಾದ ನಾಡಿನ ಗಮನ ಸೆಳೆದದ್ದು 2015ರಲ್ಲಿ. ಒಂದು ಶಿಬಿರ ಇಂಥದನ್ನೆಲ್ಲ ತೊಡೆದುಹಾಕುತ್ತದೆ ಎನ್ನುವವರು ಇಲ್ಲ. ಎಂಟನೆಯ ದಿನ ಎಲ್ಲರೂ ತಂತಮ್ಮ ಕೇರಿಗೇ ಹಿಂತಿರುಗುತ್ತಾರೆ. ಆದರೂ ಒಂದೇ ಜಮಖಾನದ ಮೇಲೆ ಏಳು ರಾತ್ರಿ ಮಲಗೆದ್ದವರ ನಡುವೆ ಸಲಿಗೆ ಬೆಳೆದಿರುತ್ತದೆ.

ಹುಡುಗಿಯರ ಮಾತು ಬೇರೆಯೇ. ಮನೆಯಿಂದ ಹೊರಗೆ ಏಳು ರಾತ್ರಿ ಎಂದರೆ ಮೊದಲು ಅಪ್ಪನ ಒಪ್ಪಿಗೆ ಬೇಕು. ಮೇಡಂ ಜೊತೆಗಿರುತ್ತಾರೆ, ಪ್ರಿನ್ಸಿಪಾಲರ ಪತ್ರ ಇದೆ ಎಂದೆಲ್ಲ ಹೇಳಿ ಒಪ್ಪಿಸಬೇಕು. ಕೆಲವರಿಗೆ ಮದುವೆಗೆ ಮುನ್ನ ಸಿಗುವ ಇಂಥ ಅವಕಾಶ ಇದೊಂದೇ. ಸಂಜೆಯ ಸಭೆಯಲ್ಲಿ ಧ್ವನಿವರ್ಧಕ ಹಿಡಿದು ಅಪರಿಚಿತ ಊರಿನ ಯಜಮಾನರ ಎದುರು ಮಾತಾಡುವವರಲ್ಲಿ, ತಮ್ಮೂರಿನ ಸಭೆಯಲ್ಲಿ ಎಂದೂ ಬಾಯಿ ಬಿಡದವರು ಇರುತ್ತಾರೆ.

ಪ್ರಮಾಣಪತ್ರಕ್ಕಾಗಿ ಸೇರುವವರು ಇಲ್ಲವೆಂದಲ್ಲ. ಗಂಟೆಗಳ ಲೆಕ್ಕ ಹಾಜರಿ ಪುಸ್ತಕದಲ್ಲಷ್ಟೇ ತುಂಬುವುದೂ ಉಂಟು. ಒಂದೇ ಗ್ರಾಮವನ್ನು ದತ್ತು ತೆಗೆದುಕೊಂಡು ಹಲವು ವರ್ಷ ಕೆಲಸ ಮಾಡಬೇಕೆಂಬುದು ಯೋಜನೆಯ ಆಶಯ. ಆದರೆ ಕಾರ್ಯಕ್ರಮಾಧಿಕಾರಿ ವರ್ಗವಾದರೆ ಊರಿನ ನಂಟೂ ಹೋಗುತ್ತದೆ. ಕೇರಿಕೇರಿ ಸುತ್ತಿ ಬರೆದ ಸಮೀಕ್ಷೆಯ ಪುಸ್ತಕಗಳು ಕಾಲೇಜಿನ ಬೀರುವಿನಲ್ಲಿ ಉಳಿದರೆ, ನೀರಿನ ವಿಷಯ ಹೇಳಿಕೊಂಡ ಹೆಂಗಸಿಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಸಮಾರೋಪದ ಮರುದಿನ ಪಾತ್ರೆ, ಗುದ್ದಲಿ, ಬಾಣಲಿಗಳು ಟೆಂಪೋ ಏರುತ್ತವೆ. ಹುಡುಗರು ಬಸ್ಸಿಗೆ ಕಾಯುತ್ತಾರೆ. ಅವರಲ್ಲಿ ಕೆಲವರ ಊರು ಅಲ್ಲಿಂದ ಎರಡೇ ನಿಲ್ದಾಣ ಮುಂದೆ.