ದೀರ್ಘಕಾಲದ ನೋವೂ ಮನೋವ್ಯಾಪಾರವೂ

‘ವೇದನೆ’ ಎಂಬ ಶಬ್ದವು ‘ವಿದ್’ ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಆ ಧಾತುವಿಗೆ ಅರಿಯುವುದೆಂದು ಅರ್ಥ. ಬೌದ್ಧಶಾಸ್ತ್ರದಲ್ಲಿ ಸುಖ, ದುಃಖ, ಇವೆರಡೂ ಅಲ್ಲದ ಅನುಭವ, ಈ ಮೂರನ್ನೂ ಇದೊಂದೇ ಶಬ್ದವು ಒಳಗೊಳ್ಳುತ್ತದೆ. ಕನ್ನಡದಲ್ಲಿ ಅದರ ಅರ್ಥವು ನೋವಿಗೆ ಸಂಕುಚಿತವಾಗಿದ್ದರೂ, ನೋವು ಒಂದು ಬಗೆಯ ಅರಿವೆಂಬ ಸಂಗತಿಯು ಶಬ್ದದ ಮೂಲದಲ್ಲಿಯೇ ಉಳಿದಿದೆ. ಇಂದಿನ ವೈದ್ಯಶಾಸ್ತ್ರವೂ ಬಹುಮಟ್ಟಿಗೆ ಇದೇ ನಿರ್ಣಯಕ್ಕೆ ಬಂದಿದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 1979ರಲ್ಲಿ ಹೇಳಿ 2020ರಲ್ಲಿ ತಿದ್ದಿದ ಲಕ್ಷಣದಂತೆ, ನೋವು ಇಂದ್ರಿಯಾನುಭವವೂ ಹೌದು, ಭಾವಾನುಭವವೂ ಹೌದು. ಮೂರು ತಿಂಗಳನ್ನು ಮೀರಿ ನಿಲ್ಲುವ ಅಥವಾ ಮರುಕಳಿಸುವ ನೋವಿಗೆ ದೀರ್ಘಕಾಲದ ನೋವೆಂದು ಹೆಸರು.

ನೋವೂ ಗಾಯವೂ ಒಂದೇ ಅಲ್ಲವೆಂಬುದಕ್ಕೆ ಬ್ಯಾಡಗಿಯ ಮೆಣಸಿನಕಾಯಿಯೇ ಸಾಕ್ಷಿ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಕಾಯಿ ಬಣ್ಣದಲ್ಲಿ ಗಾಢ, ಖಾರದಲ್ಲಿ ಮೃದು. ಆದರೂ ಅದನ್ನು ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ಉರಿ ತಪ್ಪದು. ಅಲ್ಲಿ ಬೆಂಕಿಯೂ ಇಲ್ಲ, ಸುಟ್ಟ ಗಾಯವೂ ಇಲ್ಲ. ಬೆಂಕಿಯ ಜ್ವಾಲೆಗೂ ಖಾರದ ಬಾಧೆಗೂ ಕನ್ನಡವು ‘ಉರಿ’ ಎಂಬ ಒಂದೇ ಮಾತನ್ನು ಬಳಸುತ್ತದೆ. ಖಾರದ ಸತ್ತ್ವವಾದ ಕ್ಯಾಪ್ಸೈಸಿನ್ ಎಂಬುದನ್ನೂ ಸುಡುವ ಶಾಖವನ್ನೂ ನರಾಗ್ರಗಳಲ್ಲಿ ಒಂದೇ ಗ್ರಾಹಕವು ಗ್ರಹಿಸುತ್ತದೆಂದು ಡೇವಿಡ್ ಜೂಲಿಯಸ್ ಅವರೂ ಸಂಗಡಿಗರೂ 1997ರಲ್ಲಿ ತೋರಿಸಿದರು; ಇದಕ್ಕಾಗಿ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ದೀರ್ಘಕಾಲದ ನೋವಿನಲ್ಲಿಯೂ ಹೀಗೆಯೇ ಗಾಯವು ಮಾಯ್ದ ಮೇಲೆ ನರಮಂಡಲವು ಸುದ್ದಿಯನ್ನು ಹೊರುತ್ತಲೇ ಇರುವುದುಂಟು.

ಈ ಸ್ಥಿತಿಯು ಮನಸ್ಸಿಗೆ ಮಾಡುವುದೇನೆಂಬುದನ್ನು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಆಡುಮಾತಿನಿಂದಲೇ ವಿಂಗಡಿಸಬಹುದು. ಬ್ಯಾಡಗಿಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ರಾಣೇಬೆನ್ನೂರಿನ ಸುತ್ತಣ ಬೀಜೋತ್ಪಾದನೆಯ ಹೊಲಗಳಲ್ಲಿ ಬಾಗಿ ಹೂವಿಗೆ ಪರಾಗ ಸೇರಿಸುವವರು, ಹಾವೇರಿಯ ಪೇಟೆಯಲ್ಲಿ ಚೀಲ ಹೊರುವ ಹಮಾಲರು, ಇವರೆಲ್ಲರ ದುಡಿಮೆಯೂ ಸೊಂಟ ಬೆನ್ನುಗಳ ಮೇಲೆಯೇ ನಿಂತಿದೆ. ‘ಚಳಕು ಹೊಡಿತೈತಿ’ ಎಂದರೆ ಅದು ಇಂದ್ರಿಯದ ಮಾತು. ‘ಜೀವಕ್ಕ ಬ್ಯಾಸರಾಗೈತಿ’ ಎಂದರೆ ಭಾವದ ಮಾತು. ‘ತಲಿ ಓಡವಲ್ದು’ ಎಂದರೆ ಬುದ್ಧಿಯ ಮಾತು. ವೈದ್ಯನು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬರೆದುಕೊಳ್ಳುತ್ತಾನೆ. ಉಳಿದೆರಡು ಗೊಣಗಾಟವೆಂದು ಬಿಟ್ಟುಹೋಗುತ್ತವೆ.

ಅವು ಗೊಣಗಾಟವಲ್ಲ. ನೋವು ನಡೆಯುತ್ತಿರುವ ಕೆಲಸವನ್ನು ತಡೆದು ಲಕ್ಷ್ಯವನ್ನು ತನ್ನತ್ತ ಸೆಳೆಯುವ ಸ್ವಭಾವದ್ದೆಂದು ಎಕ್ಲೆಸ್ಟನ್, ಕ್ರೊಂಬೆಜ್ ಎಂಬ ವಿದ್ವಾಂಸರು 1999ರಲ್ಲಿ ವಿವೇಚಿಸಿದರು. ಮುಳ್ಳು ಚುಚ್ಚಿದಾಗ ಈ ತಡೆಯು ಉಪಕಾರಿ. ಆದರೆ ದಿನವೆಲ್ಲ ತಡೆಯುತ್ತಲೇ ಇದ್ದರೆ ಓದಿದ್ದು ನಿಲ್ಲದು, ಲೆಕ್ಕವು ತಪ್ಪುವುದು, ಆಡಹೊರಟ ಮಾತು ಮರೆತುಹೋಗುವುದು. ನಿದ್ರಾಭಂಗವೂ ಖಿನ್ನತೆಯೂ ಇದರೊಡನೆ ಕೂಡಿ ಒಂದನ್ನೊಂದು ಬೆಳೆಸುತ್ತವೆ. ಭಯವು ಮತ್ತೊಂದು ತೊಡಕು. ನೊಂದೀತೆಂಬ ಅಂಜಿಕೆಯಿಂದ ಚಲನೆಯನ್ನು ಬಿಟ್ಟವನ ಸ್ನಾಯುಗಳು ಸೊರಗಿ, ನೋವು ಹೆಚ್ಚಿ, ಅಂಜಿಕೆಯು ಸಮರ್ಥನೆ ಪಡೆಯುತ್ತದೆ. ಈ ಚಕ್ರವನ್ನು ವ್ಲಾಯೆನ್, ಲಿಂಟನ್ ಎಂಬವರು 2000ರಲ್ಲಿ ವಿಶದಪಡಿಸಿದ್ದಾರೆ.

ಇಲ್ಲಿ ಒಂದು ತಪ್ಪು ಅನುಮಾನಕ್ಕೆ ಅವಕಾಶವುಂಟು. ಮನಸ್ಸಿನ ಸಂಬಂಧವಿದೆಯೆಂದೊಡನೆ ನೋವು ಕಲ್ಪಿತವೆಂದು ಬಗೆಯುವವರು ಅನೇಕರು. ಚಿತ್ರಪಟದಲ್ಲಿ ಎಲುಬು ಸರಿಯಾಗಿ ಕಂಡರೆ ‘ನಿನಗೇನೂ ಆಗಿಲ್ಲ’ ಎಂಬ ತೀರ್ಪು ಹೊರಡುತ್ತದೆ. ನೊಂದವಳು ಮನೆಯಲ್ಲಿ ಸೋಮಾರಿಯೆನಿಸುತ್ತಾಳೆ. ಇದು ನ್ಯಾಯವಲ್ಲ, ಶಾಸ್ತ್ರವೂ ಅಲ್ಲ. ತನಗೆ ನೋವಿದೆಯೆಂಬ ವ್ಯಕ್ತಿಯ ಮಾತನ್ನು ಗೌರವಿಸತಕ್ಕದ್ದೆಂದು 2020ರ ಲಕ್ಷಣದ ಟಿಪ್ಪಣಿಯು ಸ್ಪಷ್ಟವಾಗಿ ಹೇಳುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು, ಬೇರೆ ವ್ಯಾಧಿಯಿಂದ ವಿವರಿಸಲಾಗದ ದೀರ್ಘಕಾಲದ ನೋವನ್ನು ಸ್ವತಂತ್ರ ವ್ಯಾಧಿಯೆಂದೇ ಪರಿಗಣಿಸಿದೆ.

ಮನಸ್ಸಿನ ಪಾತ್ರವನ್ನು ಒಪ್ಪುವುದರಿಂದ ಚಿಕಿತ್ಸೆಯ ಮಾರ್ಗಗಳೂ ಹೆಚ್ಚುತ್ತವೆ. ಕ್ರಮವಾದ ವ್ಯಾಯಾಮ, ನಿದ್ರೆಯ ಸುಧಾರಣೆ, ಅಂಜಿಕೆಯನ್ನು ಬಿಡಿಸುವ ಮನಶ್ಚಿಕಿತ್ಸೆ, ಇವು ಔಷಧದೊಡನೆ ನಡೆಯತಕ್ಕವು. ಕೆಲವು ನರವೇದನೆಗಳಿಗೆ ಅದೇ ಕ್ಯಾಪ್ಸೈಸಿನ್ನಿನ ಪಟ್ಟಿಯೂ ಪ್ರಯೋಜನಕಾರಿ. 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಬೆನ್ನುನೋವಿನ ಚಿಕಿತ್ಸೆಯಿಂದ ಗುಣ ಕಂಡವರಲ್ಲಿ ಮೆದುಳಿನ ಮುಂಭಾಗದ ತೆಳುವಾಗಿದ್ದ ಒಂದು ಪ್ರದೇಶವು ಮತ್ತೆ ದಪ್ಪವಾದುದೂ, ಲಕ್ಷ್ಯ ಬೇಡುವ ಕೆಲಸದಲ್ಲಿ ಅದರ ವ್ಯಾಪಾರವು ಸಹಜಸ್ಥಿತಿಗೆ ಮರಳಿದುದೂ ಕಂಡುಬಂದವು. ಓಡದ ತಲೆಯು ಮತ್ತೆ ಓಡಬಲ್ಲದೆಂಬುದಕ್ಕೆ ಇದೊಂದು ಆಧಾರ.

ಭಾಷೆಯನ್ನು ಬೋಧಿಸುವವರಿಗೆ ಇದರಲ್ಲಿ ಕೆಲಸವುಂಟು. ಚಳಕು, ಸೆಳೆತ, ಉರಿ, ಜೋಮು, ಬ್ಯಾಸರ, ಈ ಶಬ್ದಗಳ ಅರ್ಥಭೇದಗಳನ್ನು ಊರೂರಿನಿಂದ ಕೂಡಿಸಿ ಕ್ರಮಪಡಿಸಿದರೆ ನಿಘಂಟಿಗೂ ಲಾಭ, ವೈದ್ಯನಿಗೂ ಲಾಭ. ತರಗತಿಯಲ್ಲಿ ಪಾಠವು ತಲೆಗೆ ಹತ್ತದೆ ಕುಳಿತ ಹುಡುಗನಿಗೆ ತಲೆಶೂಲೆಯು ಎಷ್ಟು ತಿಂಗಳಿಂದ ಇದೆಯೆಂದು ಕೇಳುವ ಉಪಾಧ್ಯಾಯನಿಗಂತೂ ಈ ಶಬ್ದಗಳು ಅಂದೇ ಬೇಕಾಗುತ್ತವೆ.