ದಡಾರ ಲಸಿಕೆಗೆ ಒಂಬತ್ತು ತಿಂಗಳ ಕಾಯುವಿಕೆ ಏಕೆ?

ಪ್ರಶ್ನೆ: ಬೆಂಗಳೂರಿನ ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಬಿಸಿಜಿ, ಪೋಲಿಯೊ ಹನಿ ಆಗಲೇ ಸಿಗುವಾಗ ದಡಾರದ ಲಸಿಕೆ ಮಾತ್ರ ತಡವೇಕೆ?

ಉತ್ತರ: ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ರಕ್ತದ ಪ್ರೋಟೀನುಗಳು, ಮಾಸಿನ ಮೂಲಕ ಶಿಶುವಿಗೆ ದಾಟಿ ಕೆಲವು ತಿಂಗಳು ಅದನ್ನು ಕಾಯುತ್ತವೆಯಾದರೂ, ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನೂ ಅವು ಬಿಡದೆ ತಟಸ್ಥಗೊಳಿಸುವುದರಿಂದ, ಮಗುವಿನ ದೇಹ ಸ್ವಂತ ಪ್ರತಿರೋಧವನ್ನು ಕಲಿಯುವ ಅವಕಾಶವೇ ತಪ್ಪುತ್ತದೆ. ಈ ಪ್ರತಿಕಾಯಗಳು ಬಹುಮಟ್ಟಿಗೆ ಕರಗುವ ಹೊತ್ತಿಗೆ, ಅಂದರೆ ಒಂಬತ್ತು ತಿಂಗಳು ತುಂಬಿದ ಮೇಲೆ, ಬಲ ಮೇಲ್ತೋಳಿನ ಚರ್ಮದಡಿ ಕೊಡುವ 0.5 ಮಿ.ಲೀ. ದಡಾರ-ರುಬೆಲ್ಲಾ ಲಸಿಕೆಯೂ ದಡಾರದ ಮಟ್ಟಿಗೆ ಸುಮಾರು 85% ಮಕ್ಕಳಲ್ಲಷ್ಟೇ ಫಲಿಸುತ್ತದೆ. ಹೀಗಾಗಿ 16ರಿಂದ 24 ತಿಂಗಳೊಳಗಿನ ಎರಡನೆಯ ಡೋಸನ್ನು ಬರಿಯ ಬೂಸ್ಟರ್ ಎಂದು ಎಣಿಸುವುದು ಸರಿಯಲ್ಲ; ಮೊದಲನೆಯದು ಹತ್ತದೆ ಹೋದವರಿಗೆ ಅದೇ ಮೊದಲ ರಕ್ಷೆ. ಹೀಗೆ ರಕ್ಷೆ ತಪ್ಪಿದವರು ಉಳಿಯದಿರಲೆಂದೇ, 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದಲೇ ಚಾಲನೆ ಪಡೆದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದಲ್ಲಿ, ಹಿಂದೆ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳಿಗೂ ಮತ್ತೊಂದು ಡೋಸ್ ನೀಡಲಾಯಿತು.