ಹಳೆಯ ಕಾರಿಗೆ ಹೊಸ ಕೀಲಿಕೈ

ಹಂಪಿಯಲ್ಲಿ ವಿರೂಪಾಕ್ಷನ ದರ್ಶನ ಮಾಡಿ, ಬಂಡೆ ಹತ್ತಿಳಿದು, ತುಂಗಭದ್ರೆಯಲ್ಲಿ ಹರಿಗೋಲಿನ ಸುತ್ತು ಮುಗಿಸಿದ ಕುಟುಂಬವೊಂದು ಕಾರಿನ ಬಳಿ ಬಂದು ನಿಂತಿದೆ ಎಂದುಕೊಳ್ಳಿ. ಅಪ್ಪ ಜೇಬು ತಡಕುತ್ತಾರೆ. ಅಮ್ಮ ಚೀಲವನ್ನು ಬುಡಮೇಲು ಮಾಡುತ್ತಾರೆ. ಕೀಲಿಕೈ ಇಲ್ಲ! ಅದು ಬಂಡೆಯ ಸಂದಿಗೆ ಬಿತ್ತೋ, ಹೊಳೆಯ ಪಾಲಾಯಿತೋ ಹೇಳುವವರಿಲ್ಲ. ಲಕ್ಷಾಂತರ ರೂಪಾಯಿಯ ಕಾರು ವಿಜಯವಿಠ್ಠಲನ ಕಲ್ಲಿನ ರಥದಂತೆ ನಿಂತಲ್ಲೇ ನಿಂತುಬಿಡುತ್ತದೆ.

ಕಳೆದದ್ದಾದರೂ ಏನು? ಕೆಲವೇ ಗ್ರಾಂ ತೂಕದ ಲೋಹದ ತುಂಡು. ಅಷ್ಟೇ ತೂಕದ ಇನ್ನೊಂದು ತುಂಡು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದರಿಂದ ಕಾರಿನ ಬಾಗಿಲು ತೆರೆಯುವುದಿಲ್ಲ. ನಿಜವಾಗಿ ಕಳೆದುಹೋದದ್ದು ಲೋಹವಲ್ಲ, ಆ ಲೋಹದ ಮೇಲೆ ಕೊರೆದಿದ್ದ ಒಂದು ಸಂಖ್ಯೆ. ಈ ಮಾತು ಅರ್ಥವಾದರೆ ಹಳೆಯ ಕಾರಿಗೆ ಹೊಸ ಕೀಲಿಕೈ ಮಾಡಿಸುವ ದಾರಿಯೂ ಸ್ಪಷ್ಟವಾಗುತ್ತದೆ.

ತಗಡುಗಳ ಲೆಕ್ಕಾಚಾರ

ಒಳಗಿನಿಂದ ಅಗುಳಿ ಹಾಕುವ ಕೋಟೆ ಬಾಗಿಲಿಗೆ ಕೀಲಿಕೈ ಬೇಕಿಲ್ಲ. ಹೊರಗಿನಿಂದ ತೆರೆಯಬೇಕಾದ ಬಾಗಿಲಿಗೆ ಮಾತ್ರ ಗುಟ್ಟೊಂದು ಬೇಕು. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಬೀಗದಲ್ಲಿ ಈ ಗುಟ್ಟು ಸಣ್ಣ ಸಣ್ಣ ಕಡ್ಡಿಗಳ ಎತ್ತರದಲ್ಲಿ ಅಡಗಿತ್ತು. ಕಾರಿನ ಬೀಗ ಹೆಚ್ಚುಕಡಿಮೆ ಅದೇ ವಂಶದ್ದು. ಅದರಲ್ಲಿ ಕಡ್ಡಿಗಳ ಬದಲು ತೆಳುವಾದ ಲೋಹದ ತಗಡುಗಳಿರುತ್ತವೆ. ಪ್ರತಿ ತಗಡಿನ ನಡುವೆ ಒಂದು ಕಿಂಡಿ, ಬದಿಯಲ್ಲಿ ಒಂದು ಪುಟ್ಟ ಸ್ಪ್ರಿಂಗ್. ಕೀಲಿಕೈ ಇಲ್ಲದಾಗ ತಗಡುಗಳು ತಿರುಗುವ ಉರುಳೆಯಿಂದ ಹೊರಚಾಚಿ ಬೀಗದ ಗೋಡೆಗೆ ಸಿಕ್ಕಿಕೊಂಡಿರುತ್ತವೆ. ಸರಿಯಾದ ಕೀಲಿಕೈ ಒಳಹೋದಾಗ ಅದರ ಏರುತಗ್ಗುಗಳು ಪ್ರತಿ ತಗಡನ್ನೂ ಬೇಕಾದಷ್ಟೇ ಸರಿಸುತ್ತವೆ. ಎಲ್ಲವೂ ಉರುಳೆಯ ಒಳಗೆ ಬಂದಾಗ ಮಾತ್ರ ಅದು ತಿರುಗುತ್ತದೆ. ಒಂದೇ ಒಂದು ತಗಡು ಕೂದಲೆಳೆಯಷ್ಟು ಹೊರಗುಳಿದರೂ ಬೀಗ ಜಗ್ಗುವುದಿಲ್ಲ.

ಉದಾಹರಣೆಗೆ, ಒಂದು ಬೀಗದಲ್ಲಿ 7 ತಗಡುಗಳಿವೆ, ಪ್ರತಿಯೊಂದಕ್ಕೂ 4 ಬಗೆಯ ಆಳ ಸಾಧ್ಯ ಎಂದಿಟ್ಟುಕೊಳ್ಳಿ. ಆಗ 4ನ್ನು ಏಳು ಬಾರಿ ಗುಣಿಸಬೇಕು. ಸಿಗುವ ಉತ್ತರ 16,384. ಅಂದರೆ ಅಷ್ಟು ಬಗೆಯ ಕೀಲಿಕೈಗಳು! ಅಕ್ಕಪಕ್ಕದ ಕಚ್ಚುಗಳಲ್ಲಿ ಅತಿಯಾದ ಏರಿಳಿತ ಇರುವಂತಿಲ್ಲವಾದ್ದರಿಂದ ಬಳಕೆಗೆ ಬರುವ ಸಂಖ್ಯೆ ಇದಕ್ಕಿಂತ ಕಡಿಮೆ. ನಿಮ್ಮ ಮನೆಯ ಕಾರಿನ ಕೀಲಿಕೈ ಎಂದರೆ 2-4-1-3-3-2-1 ಎಂಬಂಥ ಏಳಂಕಿಯ ಒಂದು ಸಂಖ್ಯೆ, ಅಷ್ಟೆ. ಕಾರ್ಖಾನೆಯವರು ಇದನ್ನು ಒಂದು ಸಂಕೇತ ಸಂಖ್ಯೆಯಾಗಿ ಬರೆದಿಟ್ಟಿರುತ್ತಾರೆ. ಹಲವು ಕಾರುಗಳ ಹೊಸ ಕೀಲಿಗೊಂಚಲಿನಲ್ಲಿ ಪುಟ್ಟ ಲೋಹದ ಬಿಲ್ಲೆಯೊಂದಿರುವುದನ್ನು ನೀವು ನೋಡಿರಬಹುದು. ಅದರ ಮೇಲಿರುವುದೇ ಈ ಸಂಖ್ಯೆ. ಹೆಚ್ಚಿನವರು ಅದನ್ನು ಅಲಂಕಾರದ ವಸ್ತುವೆಂದು ಭಾವಿಸಿ ಕಿತ್ತೆಸೆಯುತ್ತಾರೆ!

ಅರ ಹಿಡಿದ ಕೈಯ ಜಾಣ್ಮೆ

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ದೆಹಲಿಯ ಗ್ರಾಹಕರೊಬ್ಬರ ಕೈಗಿತ್ತರು. ಭಾರತದ ಮಧ್ಯಮ ವರ್ಗದ ಕಾರಿನ ಕತೆ ಹೀಗೆ ಒಂದು ಕೀಲಿಕೈಯಿಂದಲೇ ವೇಗ ಪಡೆಯಿತು. 1993ರಲ್ಲಿ ಝೆನ್, 1998ರಲ್ಲಿ ಸ್ಯಾಂಟ್ರೊ ಮತ್ತು ಇಂಡಿಕಾ, 2000ದಲ್ಲಿ ಆಲ್ಟೊ ಬಂದವು. ಮಾರುತಿ 800ರ ತಯಾರಿಕೆ 2014ರಲ್ಲಿ, ಇಂಡಿಕಾದ್ದು 2018ರಲ್ಲಿ ನಿಂತಿತು. ಕಾರ್ಖಾನೆಯಲ್ಲಿ ನಿಂತರೇನಂತೆ, ಇಂಥ ಕಾರುಗಳು ಹೊಸಪೇಟೆಯ ಓಣಿಗಳಲ್ಲೂ ಕಂಪ್ಲಿಯ ಗದ್ದೆ ಬದಿಯ ರಸ್ತೆಗಳಲ್ಲೂ ಇನ್ನೂ ಓಡಾಡುತ್ತಿವೆ. ಎರಡನೆಯ, ಮೂರನೆಯ ಮಾಲೀಕರ ಕೈಗೆ ಬರುವಷ್ಟರಲ್ಲಿ ಅವುಗಳ ಜತೆ ಉಳಿದಿರುವುದು ಸಾಮಾನ್ಯವಾಗಿ ಒಂದೇ ಸವೆದ ಕೀಲಿಕೈ.

ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಕೀಲಿಕೈಯ ಕೆಲಸವೆಲ್ಲ ಅದರ ಆಕಾರದ್ದೇ. ಆದ್ದರಿಂದ ಪೇಟೆಬೀದಿಯಲ್ಲಿ ವೈಸ್ ಮತ್ತು ಅರ ಇಟ್ಟುಕೊಂಡು ಕುಳಿತ ಕೀಲಿ ಮಾಡುವವರು ಇದನ್ನು ನಿಭಾಯಿಸಬಲ್ಲರು. ಕೈಯಲ್ಲಿ ಒಂದು ಕೀಲಿಕೈ ಇದ್ದರೆ ಅದನ್ನೂ ಖಾಲಿ ಕೀಲಿಯೊಂದನ್ನೂ ಯಂತ್ರಕ್ಕೆ ಸಿಕ್ಕಿಸಿ ನಕಲು ಕೊರೆಯುವುದು ಕೆಲವೇ ನಿಮಿಷಗಳ ಕೆಲಸ.

ಒಂದೂ ಇಲ್ಲದಿದ್ದರೆ? ಆಗ ನೋಡಬೇಕು ಅವರ ಜಾಣ್ಮೆಯನ್ನು! ನಯವಾಗಿ ಉಜ್ಜಿದ ಖಾಲಿ ಕೀಲಿಯನ್ನು ಬೀಗದೊಳಗೆ ಹಾಕಿ ಮೆಲ್ಲಗೆ ಒತ್ತಿ ತಿರುಗಿಸಲು ನೋಡುತ್ತಾರೆ. ಅಡ್ಡಿಪಡಿಸುವ ತಗಡುಗಳು ಲೋಹದ ಮೇಲೆ ಕಾಣಿಸಿಯೂ ಕಾಣಿಸದಂಥ ಗುರುತು ಮೂಡಿಸುತ್ತವೆ. ಕೀಲಿಯನ್ನು ಹೊರತೆಗೆದು ಬೆಳಕಿಗೆ ಹಿಡಿದು, ಗುರುತಿದ್ದಲ್ಲಿ ಅರದಿಂದ ಒಂದೆರಡು ಸಲ ಉಜ್ಜುತ್ತಾರೆ. ಮತ್ತೆ ಹಾಕಿ, ಮತ್ತೆ ತೆಗೆದು ನೋಡುತ್ತಾರೆ. ಯಾವ ಗುರುತು ಮೂಡುವುದು ನಿಲ್ಲುತ್ತದೆಯೋ ಅಲ್ಲಿ ಆಳ ಸರಿಹೋಯಿತೆಂದು ಅರ್ಥ. ಬೀಗಕ್ಕೇ ಪ್ರಶ್ನೆ ಕೇಳಿ ಅದರ ಬಾಯಿಂದಲೇ ಗುಟ್ಟನ್ನು ಹೊರಡಿಸುವ ಈ ವಿಧಾನ ವಿಜ್ಞಾನದ ಪ್ರಯೋಗಕ್ಕಿಂತ ಬೇರೆಯೇನಲ್ಲ. ಊಹೆ, ಪರೀಕ್ಷೆ, ತಿದ್ದುಪಡಿ!

ಆದರೆ ಸವೆದ ಕೀಲಿಕೈಯ ನಕಲು ತೆಗೆಸುವಾಗ ಒಂದು ಎಚ್ಚರ ಬೇಕು. ಮೂಲ ಕೀಲಿಕೈ ಸವೆದಿದ್ದರೆ ಆ ಸವೆತವೂ ನಕಲಿಗೆ ಇಳಿಯುತ್ತದೆ, ಯಂತ್ರದ ಸಣ್ಣ ತಪ್ಪೂ ಅದಕ್ಕೆ ಸೇರಿಕೊಳ್ಳುತ್ತದೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ ಪ್ರತಿ ನಕಲಿಗೂ ಅಕ್ಷರ ಮಸುಕಾಗುತ್ತ ಹೋಗುತ್ತದೆ. ಸಂಕೇತ ಸಂಖ್ಯೆ ತಿಳಿದಿದ್ದರೆ ಮಾತ್ರ ಕಾರ್ಖಾನೆಯಿಂದ ಬಂದ ದಿನದಂಥ ಕೀಲಿಕೈಯನ್ನು ಕೊರೆಸಬಹುದು. ಲೋಹ ಸವೆಯುತ್ತದೆ, ಸಂಖ್ಯೆ ಸವೆಯುವುದಿಲ್ಲ!

ಸಂಡೂರಿನ ಕೆಂಪು ದೂಳು

ಕೀಲಿಕೈ ಸವೆಯುವುದಕ್ಕೆ ಈ ಭಾಗದಲ್ಲಿ ಮತ್ತೊಂದು ಕಾರಣವಿದೆ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಮುಖ್ಯವಾಗಿ ಹೆಮಟೈಟ್. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಇದರದ್ದು ಸುಮಾರು 5ರಿಂದ 6. ಕೀಲಿಕೈಯ ಹಿತ್ತಾಳೆಯದು ಸುಮಾರು 3. ಗಟ್ಟಿ ವಸ್ತು ಮೆದು ವಸ್ತುವನ್ನು ಗೀರುತ್ತದೆ ಎಂಬುದು ಶಾಲೆಯ ಪಾಠ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ನಿಂತ ಕಾರಿನ ಬೀಗದೊಳಗೆ ಈ ದೂಳು ಸೇರಿದರೆ ಕೀಲಿಕೈ ತಿರುಗಿಸಿದಾಗಲೆಲ್ಲ ತಗಡುಗಳ ಮೇಲೆ ಉಪ್ಪುಕಾಗದ ಉಜ್ಜಿದಂತಾಗುತ್ತದೆ.

ಬೀಗ ಬಿಗಿಯಾದೊಡನೆ ಎಣ್ಣೆ ಬಿಡುವುದು ನಮ್ಮ ರೂಢಿ. ಎಣ್ಣೆಗೆ ದೂಳು ಅಂಟಿ ಕೆಸರಾಗುತ್ತದೆ, ತೊಂದರೆ ಇಮ್ಮಡಿಸುತ್ತದೆ. ಇದಕ್ಕೆ ಒಣ ಗ್ರಾಫೈಟ್ ಪುಡಿಯೇ ಮೇಲು. ಗ್ರಾಫೈಟಿನ ಇಂಗಾಲದ ಪದರಗಳು ಇಸ್ಪೀಟು ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಪೆನ್ಸಿಲಿನ ಕಡ್ಡಿಯಲ್ಲೂ ಗ್ರಾಫೈಟ್ ಇದೆ, ಆದರೆ ಅದಕ್ಕೆ ಜೇಡಿಮಣ್ಣು ಬೆರೆಸಿರುತ್ತಾರೆ. ಆದ್ದರಿಂದ ಬೀಗಕ್ಕೆಂದೇ ಮಾರುವ ಪುಡಿ ಒಳ್ಳೆಯದು. ಬಿಗಿಯಾದ ಬೀಗದೊಂದಿಗೆ ಗುದ್ದಾಡಿದರೆ ಸವೆದ ಕೀಲಿಕೈ ಒಳಗೇ ಮುರಿದು ಕೂರುತ್ತದೆ. ಕಳೆದದ್ದನ್ನು ಹುಡುಕುವುದಕ್ಕಿಂತ ಮುರಿದದ್ದನ್ನು ತೆಗೆಯುವುದು ಕಷ್ಟ.

ತಿರುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ!

ನಂತರದ ದಿನಗಳ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೊಸ ಸಮಸ್ಯೆ ಎದುರಾಗುತ್ತದೆ. ಪೇಟೆಯಲ್ಲಿ ಕೊರೆಸಿದ ಕೀಲಿಕೈ ಬಾಗಿಲನ್ನು ತೆರೆಯುತ್ತದೆ, ಒಳಗೂ ತಿರುಗುತ್ತದೆ, ಆದರೆ ಎಂಜಿನ್ ಚಾಲೂ ಆಗುವುದಿಲ್ಲ. ಕೀಲಿ ಮಾಡಿದವರನ್ನು ದೂರಬೇಡಿ. ಆ ಕಾರಿನಲ್ಲಿ ಇಮ್ಮೊಬಿಲೈಸರ್ ಎಂಬ ಕಾವಲುಗಾರನಿದ್ದಾನೆ.

ಇದರ ಕೆಲಸ ಹೀಗೆ: ಕೀಲಿಕೈ ಹಾಕುವ ರಂಧ್ರದ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ ಹಾಗೂ ಇನ್ನೊಂದು ಸುರುಳಿ. ಚಿಪ್‌ಗೆ ಬ್ಯಾಟರಿಯೇ ಇಲ್ಲ! ಕಾರಿನ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1.25 ಲಕ್ಷ ಬಾರಿ ಆವರ್ತಿಸುವ ವಿದ್ಯುತ್ ಹರಿದಾಗ ಕೀಲಿಕೈಯ ಸುರುಳಿಯಲ್ಲೂ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ತುಂಗಭದ್ರಾ ಅಣೆಕಟ್ಟಿನ ವಿದ್ಯುದಾಗಾರದ ದೈತ್ಯ ಜನರೇಟರ್ ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಹೀಗೆ ಜೀವ ಪಡೆದ ಚಿಪ್ ತನ್ನ ಗುಟ್ಟಿನ ಸಂಖ್ಯೆಯನ್ನು, ಇಲ್ಲವೇ ಅದರಿಂದ ಲೆಕ್ಕ ಹಾಕಿದ ಉತ್ತರವನ್ನು ಕಳಿಸುತ್ತದೆ. ಮೆಕ್ಯಾನಿಕ್‌ಗಳು ಇ.ಸಿ.ಯು. ಎಂದು ಕರೆಯುವ ಎಂಜಿನ್ನಿನ ಕಂಪ್ಯೂಟರ್ ಅದನ್ನು ತಾಳೆ ನೋಡುತ್ತದೆ. ಸರಿಹೊಂದದಿದ್ದರೆ ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ.

ಯುರೋಪಿಯನ್ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ನೆದರ್ಲೆಂಡ್ಸ್‌ನಲ್ಲಿ ಈ ಸಾಧನದಿಂದ ಕಾರು ಕಳವು ಸುಮಾರು ಶೇಕಡ 40ರಷ್ಟು ತಗ್ಗಿತೆಂದು ಅಲ್ಲಿನ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ. ಹೊಸ ಕೀಲಿಕೈಯ ಖರ್ಚು ನೂರರಿಂದ ಸಾವಿರಗಳಿಗೆ ಏರಿದ್ದಕ್ಕೆ ಸಿಕ್ಕ ಪ್ರತಿಫಲ ಇದು.

ನಿಮ್ಮ ಕಾರಿನ ಕೀಲಿಕೈಯಲ್ಲಿ ಚಿಪ್ ಇದೆಯೇ? ಮಕ್ಕಳು ಹಿರಿಯರ ಜತೆ ಒಂದು ಪರೀಕ್ಷೆ ಮಾಡಬಹುದು. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಕೀಲಿಕೈಯ ತಲೆಗೆ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಹಿರಿಯರಿಂದ ಒಂದು ಸಲ ಮಾತ್ರ ಚಾಲೂ ಮಾಡಿಸಿ. ಚಿಪ್ ಇದ್ದರೆ ಸಾಮಾನ್ಯವಾಗಿ ಎಂಜಿನ್ ಏಳುವುದಿಲ್ಲ, ಹಾಳೆಯನ್ನು ಬಿಚ್ಚಿದರೆ ಏಳುತ್ತದೆ. ಬಾಗಿಲನ್ನು ದೂರದಿಂದ ತೆರೆಯುವ ರಿಮೋಟ್ ಗುಂಡಿಯೇ ಬೇರೆ, ಈ ಚಿಪ್ಪೇ ಬೇರೆ. ರಿಮೋಟಿನ ಬ್ಯಾಟರಿ ಸತ್ತರೂ ಇಂಥ ಕೀಲಿಕೈಯಿಂದ ಕಾರು ಚಾಲೂ ಆಗುತ್ತದೆ.

ಎರಡು ಬಗೆಯ ಕಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿಪ್ ಇರುವ ಕಾರಿನ ಕಂಪ್ಯೂಟರಿನಿಂದ ಕಳೆದ ಕೀಲಿಕೈಯ ಸಂಖ್ಯೆಯನ್ನು ಅಳಿಸಿಹಾಕಬಹುದು. ಆಗ ಅದು ಯಾರ ಕೈಗೆ ಸಿಕ್ಕಿದರೂ ಬಾಗಿಲು ತೆರೆದೀತೇ ಹೊರತು ಎಂಜಿನ್ ಏಳದು. ಬರೀ ತಗಡಿನ ಬೀಗಕ್ಕೆ ಮರೆವು ಎಂಬುದೇ ಇಲ್ಲ. ಕಳೆದ ಕೀಲಿಕೈ ಹತ್ತು ವರ್ಷದ ನಂತರ ಸಿಕ್ಕವರಿಗೂ ಅದು ತೆರೆದುಕೊಳ್ಳುತ್ತದೆ. ವಿಳಾಸವಿದ್ದ ಪರ್ಸಿನ ಜತೆಗೇ ಕೀಲಿಕೈ ಹೋಗಿದ್ದರೆ ಬೀಗಗಳನ್ನೇ ಬದಲಿಸುವುದು ಕ್ಷೇಮ.

ಹಂಪಿಯಲ್ಲಿ ಕಳೆದರೆ ಮಾಡುವುದೇನು?

ಮೊದಲನೆಯದಾಗಿ, ಗಾಜು ಒಡೆಯುವ ಅವಸರ ಬೇಡ. ಒಳಗೆ ಹೋದರೂ ಸ್ಟಿಯರಿಂಗ್ ಬೀಗ ಬಿದ್ದಿರುತ್ತದೆ, ತಳ್ಳಿ ಚಾಲೂ ಮಾಡಲೂ ಆಗದು. ಮನೆಯಲ್ಲಿ ಇನ್ನೊಂದು ಕೀಲಿಕೈ ಇದ್ದರೆ ತರಿಸುವುದೇ ಉತ್ತಮ. ಹಂಪಿಯಿಂದ ಹೊಸಪೇಟೆಗೆ 13 ಕಿ.ಮೀ. ಮಾತ್ರ. ಆ ಇನ್ನೊಂದು ಕೀಲಿಕೈಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟು ಬೀಗ ಹಾಕಿದವರಿಗೆ ಮಾತ್ರ ಈ ದಾರಿಯಿಲ್ಲ!

ಎರಡನೆಯದಾಗಿ, ಕೀಲಿಕೈ ಕಳೆದ ಬಗ್ಗೆ ಪೊಲೀಸ್ ಠಾಣೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಕರ್ನಾಟಕ ಪೊಲೀಸರ ಆನ್‌ಲೈನ್ ವ್ಯವಸ್ಥೆಯಲ್ಲೂ ಕಳೆದ ವಸ್ತುವಿನ ವರದಿ ದಾಖಲಿಸಬಹುದು. ಇದು ವೃಥಾ ಕಾಗದವಲ್ಲ. ಮುಂದೆ ಕಾರೇ ಕಳವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುತ್ತಾರೆ. ಒಂದು ಎಲ್ಲಿ ಎಂಬ ಪ್ರಶ್ನೆಗೆ ಈ ಸ್ವೀಕೃತಿಯೇ ಉತ್ತರ.

ಮೂರನೆಯದಾಗಿ, ಆರ್.ಸಿ., ಗುರುತಿನ ಚೀಟಿ ಮತ್ತು ಸಂಕೇತ ಸಂಖ್ಯೆಯೊಂದಿಗೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಅಥವಾ ನಂಬಿಕಸ್ಥ ಕೀಲಿ ತಯಾರಕರ ಬಳಿಗೆ ಹೋಗಿ. ಚಿಪ್ ಇರುವ ಕಾರಾದರೆ ಕಾರನ್ನೂ ಉಳಿದ ಕೀಲಿಕೈಗಳನ್ನೂ ಒಯ್ಯಬೇಕಾಗುತ್ತದೆ. ದಾಖಲೆ ಕೇಳಿದವರ ಮೇಲೆ ಸಿಟ್ಟಾಗಬೇಡಿ. ಕೇಳದೆ ಕೀಲಿಕೈ ಮಾಡಿಕೊಡುವವರು ನಾಳೆ ನಿಮ್ಮ ಕಾರಿಗೂ ಇನ್ಯಾರಿಗೋ ಮಾಡಿಕೊಟ್ಟಾರು!

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಒಂದು ಕೀಲಿಕೈ ಕೈಯಲ್ಲಿರುವಾಗ ಎರಡನೆಯದನ್ನು ಮಾಡಿಸುವುದು ಸಣ್ಣ ಖರ್ಚು. ಒಂದೂ ಇಲ್ಲದಾಗ ಕಾರನ್ನು ಎಳೆದೊಯ್ಯುವ ಬಾಡಿಗೆ, ಹೊಸ ಬೀಗ, ಕೆಲವೊಮ್ಮೆ ಹೊಸ ಕಂಪ್ಯೂಟರ್ ಎಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. ಹಳೆಯ ಕಾರು ಕೊಳ್ಳುವವರು ಟೈರು, ಬಣ್ಣ ನೋಡುವಷ್ಟೇ ಶ್ರದ್ಧೆಯಿಂದ ಎರಡನೆಯ ಕೀಲಿಕೈ ಎಲ್ಲಿ, ಸಂಖ್ಯೆಯ ಬಿಲ್ಲೆ ಎಲ್ಲಿ ಎಂದು ಕೇಳಬೇಕು.

ಬಿಲ್ಲೆ ಸಿಕ್ಕರೆ ಅದರ ಸಂಖ್ಯೆಯನ್ನು ಮನೆಯ ಕಾಗದಪತ್ರಗಳ ಜತೆ ಬರೆದಿಡಿ. ಗೊಂಚಲಿನಲ್ಲಿ ಬಿಡಬೇಡಿ, ಫೋಟೊ ತೆಗೆದು ಯಾರಿಗೂ ಕಳಿಸಬೇಡಿ. ಸಂಖ್ಯೆ ಗೊತ್ತಿದ್ದವರ ಕೈಗೆ ಕೀಲಿಕೈ ಬಂದಂತೆಯೇ.